ಇಲ್ಲದ ಮನೆಯ ಬಾಡಿಗೆ

ಮನಸ್ಸಿನಾಚೆ ಜಡವಸ್ತುವಿಲ್ಲ, ಅರಿವಿಗೆ ಬರುವುದೇ ಇರುವಿಕೆ ಎಂದು ಐರ್ಲೆಂಡಿನ ತತ್ವಜ್ಞಾನಿ ಜಾರ್ಜ್ ಬರ್ಕ್ಲಿ 1710ರಲ್ಲಿ ವಾದಿಸಿದರು. ಯಾರೂ ನೋಡದಾಗಲೂ ವಸ್ತುಗಳು ಉಳಿಯುವುದು ದೇವರ ಅರಿವಿನಲ್ಲಂತೆ. ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಕಲ್ಲೊಂದನ್ನು ಒದ್ದು ಈ ವಾದವನ್ನು ಖಂಡಿಸಿದರು. ಉಡುಪಿಯ ಮಧ್ವಾಚಾರ್ಯರ ಮತದಲ್ಲಂತೂ ಜಗತ್ತು ಸತ್ಯವೇ. ಇದೇ ಚರ್ಚೆ ಬಾಡಿಗೆ ಮನೆಯಲ್ಲಿ ಹೀಗೆ ಸಾಗುತ್ತದೆ:

ಬಾಡಿಗೆದಾರ: ಈ ಮನೆ ಬರೀ ನನ್ನ ಮನಸ್ಸಿನ ಕಲ್ಪನೆ, ಸ್ವಾಮಿ.

ಮಾಲೀಕ: ಮೂರು ತಿಂಗಳ ಬಾಡಿಗೆ?

ಬಾಡಿಗೆದಾರ: ಅದೂ ಕಲ್ಪನೆ. ಕೇಳ್ತಿರೋ ನೀವೂ ಕಲ್ಪನೆ.

ಮಾಲೀಕ: ಸರಿ, ನಾಳೆ ಖಾಲಿ ಮಾಡಿ. ಇಲ್ಲದ ಮನೆ ಬಿಡೋಕೇನು ಕಷ್ಟ?

ಬಾಡಿಗೆದಾರ: ಅಡ್ವಾನ್ಸು?

ಮಾಲೀಕ: ಯಾವ ಅಡ್ವಾನ್ಸು? ಕಲ್ಪನೆ ಕೈಗೆ ನೀವು ದುಡ್ಡು ಕೊಟ್ರಾ?

ಬಾಡಿಗೆದಾರ: 50 ಸಾವಿರ! ರಸೀದಿ ಇದೆ, ನಿಮ್ಮದೇ ಸಹಿ ಇದೆ!

ಬಾಡಿಗೆದಾರನ ಮತದ ಸಾರ ಇಷ್ಟೇ: ಕೊಡಬೇಕಾದಾಗ ಜಗತ್ತು ಮಿಥ್ಯೆ, ಬರಬೇಕಾದಾಗ ಸತ್ಯ.