ಊರು ಹಂಚುವ ಕಾಕಾ

ಧಾರವಾಡದ ಮಾಳಮಡ್ಡಿಯಲ್ಲಿ ಬೆಳಿಗ್ಗೆ ಹಾಲಿನ ಪಾಕೀಟು ತರಲು ಹೋದ ನಿವೃತ್ತರೊಬ್ಬರು ನಡುರಸ್ತೆಯಲ್ಲಿ ನಿಂತು ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದರೆ, ಪಾಪ, ನೆಟ್‌ವರ್ಕ್ ಸಿಗುತ್ತಿಲ್ಲವೇನೋ ಎಂದು ಮರುಗಬೇಡಿ. ಹಿಂದಿನಿಂದ ಹಾರ್ನೂ ಹೊಡೆಯಬೇಡಿ. ಹೊಡೆದರೂ ಅವರು ಸರಿಯುವುದಿಲ್ಲ. ಅವರು ಊರು ಹಂಚುತ್ತಿದ್ದಾರೆ.

ಓಣಿಗೆಲ್ಲ ಅವರು ಕಾಕಾ. ಬ್ಯಾಂಕಿನ ನೌಕರಿಯಲ್ಲಿದ್ದಷ್ಟು ದಿನ ಮನೆ, ಬ್ಯಾಂಕು, ಸಂಜೆ ಸೂಪರ್ ಮಾರ್ಕೆಟ್ಟಿನ ಕಾಯಿಪಲ್ಯೆ ಬಿಟ್ಟರೆ ಧಾರವಾಡ ಹೇಗಿದೆ ಎಂದು ತಲೆಯೆತ್ತಿ ನೋಡಿದವರಲ್ಲ. ನಿವೃತ್ತಿಯಾಯಿತು. ಪುಣೆಯಲ್ಲಿರುವ ಮಗಳು ಒಳ್ಳೆಯ ಕ್ಯಾಮೆರಾದ ಫೋನು ಕೊಡಿಸಿದಳು. ಫೇಸ್‌ಬುಕ್ಕಿನಲ್ಲಿ ತುಮಕೂರು, ಮಂಗಳೂರು, ಶಿರಸಿ, ದುಬೈ, ನ್ಯೂಜೆರ್ಸಿಗಳಿಂದ ಮುಖ ಕಂಡಿರದ ಗೆಳೆಯರು ಜಮಾಯಿಸಿದರು. ಅವರಲ್ಲೊಬ್ಬರು ಒಂದು ದಿನ ‘ಸರ್, ನಿಮ್ಮೂರಲ್ಲಿ ಈಗ ಮಳೆಯೇ?’ ಎಂದು ಕೇಳಿದರು. ಕೇಳಬಾರದಿತ್ತು. ಅಂದಿನಿಂದ ಕಾಕಾ ಧಾರವಾಡದ ರಾಯಭಾರಿ. ನೇಮಕಾತಿ ಆದೇಶವಿಲ್ಲ, ಭತ್ಯೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ.

ಇವರು ಫೋಟೋ ತೆಗೆಯುವುದನ್ನು ಹತ್ತಿರದಿಂದ ನೋಡಬೇಕು. ಕೆಲಗೇರಿ ಕೆರೆಯ ದಂಡೆ, ಸೂರ್ಯ ಮೇಲೇಳುವ ಹೊತ್ತು. ಮೊದಲು ಚಪ್ಪಲಿಯ ತುದಿಯಿಂದ ಗುಟಕಾ ಚೀಟಿಗಳನ್ನು ಎಡಕ್ಕೆ ತಳ್ಳುತ್ತಾರೆ. ಬಲಗಡೆಯ ಪ್ಲಾಸ್ಟಿಕ್ ಬಾಟಲಿ ಕಾಲಿಗೆ ಎಟುಕುವುದಿಲ್ಲ, ಹಾಗಾಗಿ ತಾವೇ ಎರಡು ಹೆಜ್ಜೆ ಮುಂದೆ ಹೋಗಿ ಅದನ್ನು ಬೆನ್ನ ಹಿಂದೆ ಬಿಡುತ್ತಾರೆ. ಕರೆಂಟಿನ ತಂತಿ ಅಡ್ಡ ಬಂತೆಂದು ಮೊಳಕಾಲೂರುತ್ತಾರೆ. ಫೋಟೋ ‘ನಮ್ಮೂರ ಬೆಳಗು’ ಎಂಬ ತಲೆಬರಹ ಹೊತ್ತು ನ್ಯೂಜೆರ್ಸಿ ಮುಟ್ಟುತ್ತದೆ. ಅಲ್ಲಿ ಆಗ ರಾತ್ರಿ. ಊಟ ಮುಗಿಸಿ ಕೂತಿದ್ದ ಧಾರವಾಡದ ಹುಡುಗನೊಬ್ಬ ‘ಕಾಕಾ, ಕಣ್ಣಾಗ ನೀರು ಬಂತ್ರಿ’ ಎಂದು ಬರೆಯುತ್ತಾನೆ. ಆ ಹೊತ್ತಿಗೆ ಕಾಕಾನ ಕಣ್ಣಲ್ಲೂ ನೀರು ಬಂದಿರುತ್ತದೆ, ಮೊಳಕಾಲು ನೆಟ್ಟಗೆ ಮಾಡುವಾಗ.

ಜೂನ್ ತಿಂಗಳು ಬಂತೆಂದರೆ ಮಳೆಯ ಸರದಿ. ಕಿಟಕಿಯ ಸರಳು, ಅದರಾಚೆ ಜಿಟಿಜಿಟಿ ಮಳೆ, ಈಚೆ ಹೊಗೆಯಾಡುವ ಚಹಾ. ಮಂಗಳೂರಿನ ಗೆಳೆಯರು ಸುಮ್ಮನಿರುವುದಿಲ್ಲ. ‘ಇದನ್ನು ನಾವು ಮಳೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ ಮಾರಾಯ್ರೆ’ ಎನ್ನುತ್ತಾರೆ. ಕಾಕಾ ಉತ್ತರ ಸಿದ್ಧವಾಗಿಟ್ಟಿರುತ್ತಾರೆ: ‘ನಿಮ್ಮದು ಮಳಿ ಅಲ್ರೀ, ದಾಳಿ. ಮಳಿ ಅಂದ್ರ ಗಿರಮಿಟ್ ಕೈಯಾಗ ಹಿಡಕೊಂಡು ನಿಂತು ನೋಡೂಹಂಗ ಇರಬೇಕು.’

ಊರಿನ ದೊಡ್ಡವರ ವಿಷಯ ಬಂದರಂತೂ ಕಾಕಾನ ಕಾನೂನೇ ಬೇರೆ. ಧಾರವಾಡಕ್ಕೆ ಮೂರು ಜ್ಞಾನಪೀಠ ಎಂದು ಅವರ ಲೆಕ್ಕ: 1973ರಲ್ಲಿ ಬೇಂದ್ರೆ, 1990ರಲ್ಲಿ ಗೋಕಾಕ, 1998ರಲ್ಲಿ ಕಾರ್ನಾಡ. ಹಾವೇರಿ ಕಡೆಯ ಗೆಳೆಯರು ‘ಗೋಕಾಕರು ಹುಟ್ಟಿದ್ದು ನಮ್ಮ ಸವಣೂರಾಗ’ ಎಂದು ತಕರಾರು ತೆಗೆಯುತ್ತಾರೆ. ಶಿರಸಿಯವರು ‘ಕಾರ್ನಾಡರು ಬೆಳೆದದ್ದು ನಮ್ಮಲ್ಲಿ’ ಎನ್ನುತ್ತಾರೆ. ಕಾಕಾ ತೀರ್ಪು ಕೊಡುತ್ತಾರೆ: ‘ಹುಟ್ಟೂದು, ಬೆಳಿಯೂದು ಎಲ್ಲ್ಯಾರ ಆಗಲಿ. ಕಾಲೇಜು ಕಲ್ತದ್ದು ಇಲ್ಲೆ, ಅದಕ್ಕ ನಮ್ಮವರು.’ ಸರಿ, ಒಪ್ಪಿದೆವು. ಮರುದಿನ ಗಂಗೂಬಾಯಿ ಹಾನಗಲ್ಲರ ಮಾತು ಬರುತ್ತದೆ. ಅವರು ಬಾಳಿದ್ದು, ಹೆಸರು ಮಾಡಿದ್ದು ಹುಬ್ಬಳ್ಳಿಯಲ್ಲಿದ್ದುಕೊಂಡು. ಆದರೆ 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಆಗ ಕಾಕಾ: ‘ಎಲ್ಲೆ ಇದ್ರು ಅಂತ ಕೇಳಬ್ಯಾಡ್ರಿ, ಎಲ್ಲೆ ಹುಟ್ಟಿದ್ರು ಅದನ್ನ ಹೇಳ್ರಿ.’ ರಾತ್ರಿ ಬೆಳಗಾಗುವುದರಲ್ಲಿ ಕಾನೂನು ತಿದ್ದುಪಡಿಯಾಗಿರುತ್ತದೆ.

ಹುಬ್ಬಳ್ಳಿ ಎಂದರೆ ಕಾಕಾಗೆ ಒಂದು ಸಣ್ಣ ಹಲ್ಲುನೋವು. ದೂರದ ಗೆಳೆಯರು ‘ಹುಬ್ಬಳ್ಳಿ-ಧಾರವಾಡ’ ಎಂದು ಒಂದೇ ಉಸಿರಿಗೆ ಬರೆದರೆ ಇವರು ಹುಬ್ಬಳ್ಳಿಯನ್ನು ಕಿತ್ತು ಧಾರವಾಡವನ್ನಷ್ಟೇ ಉಳಿಸಿ ಉತ್ತರ ಬರೆಯುತ್ತಾರೆ. 1962ರಲ್ಲಿ ಎರಡೂ ಊರಿಗೆ ಸೇರಿ ಒಂದೇ ಮಹಾನಗರ ಪಾಲಿಕೆಯಾದದ್ದನ್ನು ಅವರು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲ. ಆದರೆ 2023ರ ಮಾರ್ಚಿನಲ್ಲಿ ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಎಂದು ಸುದ್ದಿಯಾಯಿತಲ್ಲ, ಅವತ್ತು ಮಾತ್ರ ಕಾಕಾ ‘ನಮ್ಮ ಅವಳಿನಗರದ ಹೆಮ್ಮೆ’ ಎಂದು ಹಾಕಿದರು. ಮರುದಿನದಿಂದ ಅವಳಿ ಮತ್ತೆ ಒಂಟಿಯಾಯಿತು.

ಪೇಢಾದ ಪ್ರಕರಣ ಇನ್ನೂ ಸೂಕ್ಷ್ಮ. ಕಾಕಾಗೆ ಸಕ್ಕರೆ ಕಾಯಿಲೆ. ಲೈನ್ ಬಜಾರಿನ ಸರದಿಯಲ್ಲಿ ನಿಂತು ಪೇಢಾ ಕೊಳ್ಳುತ್ತಾರೆ, ಬಾಳೆಲೆಯ ಮೇಲೆ ಜೋಡಿಸಿ ಫೋಟೋ ತೆಗೆಯುತ್ತಾರೆ, ಅವರ ಹೆಂಡತಿ, ಓಣಿಯ ಕಾಕು, ಎಣಿಸಿ ಡಬ್ಬಿಗೆ ಹಾಕುತ್ತಾರೆ. ಎಣಿಕೆ ತಪ್ಪಿದರೆ ವಿಚಾರಣೆ. ಬೆಳಗಾವಿಯ ಗೆಳತಿಯೊಬ್ಬರು ಕುಂದಾ ಮುಂದಿಟ್ಟುಕೊಂಡು ಕಾದಾಟಕ್ಕೆ ಬಂದರು. ಕಾಕಾ ‘ನಮ್ಮ ಪೇಢಾಕ್ಕ ಜಿಐ ಮಾನ್ಯತಾ ಸಿಕ್ಕದರೀ’ ಎಂದು ಬಾಣ ಬಿಟ್ಟರು. ದುಬೈಯಲ್ಲಿರುವ ಲಖನೌ ಮೂಲದ ಗೆಳೆಯರು ನಡುವೆ ಬಾಯಿ ಹಾಕಿ, ಪೇಢಾ ಮಾಡುವ ಠಾಕೂರ ಮನೆತನ ಹತ್ತೊಂಬತ್ತನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ನಮ್ಮ ಉನ್ನಾವ್ ಕಡೆಯಿಂದಲೇ ಬಂದದ್ದಲ್ಲವೇ ಎಂದರು. ಕಾಕಾ ಅರ್ಧ ದಿನ ಆಫ್‌ಲೈನ್. ಸಂಜೆ ಉತ್ತರ ಬಂತು: ‘ಮನುಷ್ಯಾರು ನಿಮ್ಮವರು, ಎಮ್ಮಿ ನಮ್ಮವು.’

ಎಮ್ಮೆಯೇ ಅವರ ಬತ್ತಳಿಕೆಯ ಕೊನೆಯ ಅಸ್ತ್ರ. 2021ರಲ್ಲಿ ಧಾರವಾಡಿ ಎಮ್ಮೆಗೆ ದೇಶದ ಮಾನ್ಯ ತಳಿಗಳ ಸಾಲಿನಲ್ಲಿ ಜಾಗ ಸಿಕ್ಕಿದಾಗ ಕಾಕಾ ಗೌಳಿ ಗಲ್ಲಿಗೆ ಹೋಗಿ ಒಂದು ಎಮ್ಮೆಯ ಎದುರು ಬಹಳ ಹೊತ್ತು ನಿಂತಿದ್ದರು. ಅರ್ಧಚಂದ್ರದ ಹಾಗೆ ಬೆನ್ನಿನ ಕಡೆ ಬಾಗಿದ ಕೊಂಬು ಪೂರ್ತಿ ಬರಬೇಕು, ಹಿಂದಿನ ಸಗಣಿ ಗುಂಪಿ ಬರಬಾರದು. ಎಮ್ಮೆ ಸಹಕರಿಸಲಿಲ್ಲ. ಗೌಳಿಗರ ಅಜ್ಜಿ ಕೇಳಿದಳು, ‘ಏನ ಸಾಹೇಬ್ರ, ಎಮ್ಮಿ ತಗೋತೀರೇನು?’ ‘ಇಲ್ಲವಾ, ಫೇಸ್‌ಬುಕ್ಕಿಗೆ ಹಾಕ್ತೀನಿ.’ ಅಜ್ಜಿ ಹಗ್ಗ ಬಿಗಿಯಾಗಿ ಹಿಡಿದುಕೊಂಡಳು. ಎಲ್ಲಿಗೋ ಹಾಕುತ್ತೇನೆ ಎಂದು ಎಮ್ಮೆ ಹೊಡೆದುಕೊಂಡು ಹೋದವರನ್ನು ಅವಳು ಕಂಡಿರಬೇಕು.

ಹಂಚುವುದಕ್ಕೊಂದು ಮಿತಿ ಬೇಡವೇ ಎಂಬುದು ಕಾಕು ಅವರ ಪ್ರಶ್ನೆ. ಒಮ್ಮೆ ದಂಪತಿ ಮಂತ್ರಾಲಯಕ್ಕೆ ಹೊರಟರು. ಕಾಕಾ ರೈಲು ಹತ್ತುವ ಮೊದಲೇ ಬೀಗ ಹಾಕಿದ ಬಾಗಿಲಿನ ಮುಂದೆ ಇಬ್ಬರೂ ನಿಂತ ಸೆಲ್ಫಿ ಹಾಕಿ, ‘ನಾಲ್ಕು ದಿನ ಮನೆಗೆ ರಜೆ’ ಎಂದು ಬರೆದರು. ಮನೆಯ ನಂಬರು ಕಾಕು ಅವರ ತಲೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಪುಣೆಯಿಂದ ಮಗಳ ಫೋನು: ‘ಅಪ್ಪಾ, ಕೀಲಿ ಎಲ್ಲೆ ಇಟ್ಟೀರಿ ಅದನ್ನೂ ಬರದುಬಿಡು, ಕಳ್ಳರಿಗೆ ತ್ರಾಸ ಆಗಬಾರದು.’ ಕಾಕಾ ಪೋಸ್ಟು ತೆಗೆದರು. ತೆಗೆಯುವ ಹೊತ್ತಿಗೆ ದುಬೈಯವರು ಬಾಗಿಲಿನ ಕೆತ್ತನೆ ಚೆನ್ನಾಗಿದೆ ಎಂದು ಹೊಗಳಿಯಾಗಿತ್ತು. ಅದೊಂದೇ ದುಃಖ.

ಇಷ್ಟೆಲ್ಲ ಹಂಚಿದರೂ ಕಾಕಾ ಹಂಚದೆ ಬಿಟ್ಟ ಧಾರವಾಡ ಅವರ ಸುತ್ತಲೇ ಇದೆ. ಇವತ್ತಿನ ಸಪ್ತಾಪುರ ಎಂದರೆ ಕೋಚಿಂಗ್ ಕ್ಲಾಸುಗಳ ಬೋರ್ಡು, ಪಿಜಿಗಳು, ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರು. ಕಾಕಾನ ಮಹಡಿಯ ಮೇಲೆಯೇ ಅಂಥ ನಾಲ್ಕು ಹುಡುಗರು ಬಾಡಿಗೆಗಿದ್ದಾರೆ. ಅಲ್ಲಿ ಸಂವಿಧಾನದ ವಿಧಿಗಳನ್ನು ಗಟ್ಟಿಯಾಗಿ ಉರು ಹೊಡೆಯುವ ಸದ್ದು ಕೇಳಿದರೆ ಕಾಕಾ ವಿಡಿಯೊ ನಿಲ್ಲಿಸುತ್ತಾರೆ, ಹಿನ್ನೆಲೆಯಲ್ಲಿ ಮಲ್ಲಿಕಾರ್ಜುನ ಮನಸೂರರೇ ಇರಬೇಕು ಎಂದು. ನಳದ ನೀರಿನ ಸುದ್ದಿಯೂ ನಿಷಿದ್ಧ. ನೀರು ಬರುವ ದಿನ ಓಣಿಯಲ್ಲಿ ಬಕೀಟು, ಕೊಡ, ನೀಲಿ ಡ್ರಮ್ಮುಗಳು ಸಾಲುಗಟ್ಟಿದಾಗ ರಾಯಭಾರಿಯ ಫೋನು ಜೇಬಿನಲ್ಲಿರುತ್ತದೆ, ಕೈಯಲ್ಲಿ ಪೈಪಿರುತ್ತದೆ.

ಹೀಗಿರುವಾಗ ತುಮಕೂರಿನ ಗೆಳೆಯರು ನಿಜವಾಗಿಯೂ ಬಂದುಬಿಟ್ಟರು. ಏಪ್ರಿಲ್ ತಿಂಗಳು, ಮಳೆಯ ಹೆಸರಿಲ್ಲ, ಊರೆಲ್ಲ ಕೆಂಪು ಧೂಳು. ಕೈಯಲ್ಲೊಂದು ಪಟ್ಟಿ, ಕಾಕಾನ ಪೋಸ್ಟುಗಳಿಂದಲೇ ಬರೆದುಕೊಂಡದ್ದು. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ತೋರಿಸಿ ಎಂದರು. ಕಾಕಾ ಹೊರಗಿನಿಂದ ಎಷ್ಟೋ ಸಲ ಫೋಟೋ ತೆಗೆದಿದ್ದರು, ಒಳಗೆ ಏನೇನಿದೆ ಎಂದು ಕೇಳಿದಾಗ ಕೆಮ್ಮು ಬಂತು. ಅತಿಥಿಗಳೇ ಕಾಕಾಗೆ ಧಾರವಾಡ ತೋರಿಸುತ್ತ ನಡೆದರು. ‘ನೀವೇ ಬರೆದಿದ್ರಲ್ಲ ಸಾರ್’ ಎಂದು ಪ್ರತಿ ತಿರುವಿನಲ್ಲೂ ನೆನಪಿಸಿದರು.

ಮನೆಗೆ ಬಂದರೆ ಅಂದೇ ನಳ ಬಿಟ್ಟಿದ್ದರು. ಕಾಕಾ ಅತಿಥಿಗಳನ್ನು ಒಳಗೆ ಕೂಡಿಸಿ ಕಿಟಕಿ ಮುಚ್ಚಲು ಹೋದರು. ಆದರೆ ತುಮಕೂರಿನವರು ಆಗಲೇ ಲುಂಗಿ ಕಟ್ಟಿ ಅಂಗಳಕ್ಕಿಳಿದಿದ್ದರು. ಒಂದು ಕೊಡ ಮಹಡಿಯ ಹುಡುಗನಿಗೆ ದಾಟಿಸಿದರು, ಎದುರು ಮನೆಯ ಮೌಶಿಯ ಹತ್ತಿರ ‘ನಿಮ್ಗೆ ಎಷ್ಟು ದಿನಕ್ಕೊಂದ್ಸಲ ಬಿಡ್ತಾರಮ್ಮಾ?’ ಎಂದು ವಿಚಾರಿಸಿದರು, ನೀಲಿ ಡ್ರಮ್ಮಿನ ಪಕ್ಕ ನಿಂತು ಒಂದು ಫೋಟೋ ಹಾಕಿಯೇಬಿಟ್ಟರು: ‘ಕಾಕಾನ ಊರಿನಲ್ಲಿ.’

‘ಅಲ್ರೀ, ಇದನ್ಯಾಕ ಹಾಕಿದ್ರಿ? ಕೆರಿ ಇತ್ತು, ಪೇಢಾ ಇತ್ತು!’ ಎಂದು ಕಾಕಾ ಕುಸಿದರು.

ಆದರೆ ಆ ಫೋಟೋದ ಕೆಳಗೆ ನಡೆದ ಮಾತುಕತೆ ಕೆರೆಯ ಯಾವ ಬೆಳಗಿಗೂ ನಡೆದಿರಲಿಲ್ಲ. ಗದಗಿನವರು ತಮ್ಮ ನಳದ ಪಾಳಿ ಬರೆದರು. ಮಳೆಯ ಬಗ್ಗೆ ಬೀಗುತ್ತಿದ್ದ ಮಂಗಳೂರಿನವರು ಬೇಸಿಗೆಯಲ್ಲಿ ತಮ್ಮ ಬಾವಿಯ ತಳ ಕಾಣುವುದನ್ನು ಮೊದಲ ಸಲ ಬಾಯಿಬಿಟ್ಟರು. ನ್ಯೂಜೆರ್ಸಿಯ ಹುಡುಗ ‘ನಮ್ಮ ಅವ್ವನೂ ಅಂಥಾದ ಡ್ರಮ್ಮಿಗೆ ಅರಿವಿ ಕಟ್ಟಿ ನೀರು ಸೋಸತಾಳ’ ಎಂದ. ಅವ್ವನ ಮನೆ ಕಾಕಾನ ಹಿಂದಿನ ಓಣಿಯಲ್ಲೇ ಎಂಬುದು ಆಗ ತಿಳಿಯಿತು. ಇಷ್ಟು ವರ್ಷ ಅವನು ಕಾಕಾನ ಸೂರ್ಯೋದಯಗಳಿಗೆ ಕಣ್ಣೀರು ಹಾಕಿದ್ದ. ಇವನು ಯಾರ ಮಗ ಎಂದು ಕಾಕಾ ಕೇಳಿರಲೇ ಇಲ್ಲ.

ಈಗ ಕಾಕಾ ಕೊಂಚ ಸುಧಾರಿಸಿದ್ದಾರೆ. ಪೂರ್ತಿ ಅಲ್ಲ. ಗಂಗೂಬಾಯಿಯವರ ಕಾನೂನು ಇನ್ನೂ ಜಾರಿಯಲ್ಲಿದೆ. ಆದರೆ ಸೂರ್ಯೋದಯದ ಜೊತೆಗೆ ‘ಇವತ್ತು ನಳಾ ಬರ್ತದ, ಮೋಟಾರ ತಯಾರ ಇಡ್ರಿ’ ಎಂಬ ಸಾಲೂ ಬೀಳುತ್ತದೆ. ಮಹಡಿಯ ಹುಡುಗರಲ್ಲಿ ಒಬ್ಬ ದೈಹಿಕ ಪರೀಕ್ಷೆಯಲ್ಲಿ ಪಾಸಾದದ್ದೂ ಬಂತು. ಅದಕ್ಕೆ ಬಿದ್ದ ಲೈಕುಗಳು ಎಮ್ಮೆಯ ದಾಖಲೆಯನ್ನು ಮುರಿಯಲಿಲ್ಲ, ಹತ್ತಿರ ಬಂದವು.

ಇಂಥವರು ನಿಮ್ಮ ಓಣಿಯಲ್ಲೂ ಒಬ್ಬರಿರುತ್ತಾರೆ. ನಕ್ಕರೆ ತಪ್ಪಿಲ್ಲ. ಬೀಗ ಹಾಕಿದ ಮನೆಯ ಫೋಟೋ ಹಾಕಬೇಡಿ ಎಂದು ಮಾತ್ರ ಹೇಳಿ, ಆಮೇಲೆ ಅವರ ಗೆಳೆಯರ ಪಟ್ಟಿಗೆ ನೀವೂ ಸೇರಿಕೊಳ್ಳಿ. ನಿಮ್ಮ ನಳಕ್ಕೆ ನೀರು ಯಾವಾಗ ಬರುತ್ತದೆಂದು ದುಬೈಯವರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದಿದ್ದರೆ ನಷ್ಟ ಕಾಕಾನದ್ದಲ್ಲ.