ಎಣ್ಣೆ, ಸೆಲ್ಲು, ಒಂಟಿ ಸಲಗ

ಡಿಸೆಂಬರ್ ಬಂತೆಂದರೆ ಬೇರೆ ಊರುಗಳ ಫಾದರ್‌ಗಳಿಗೆ ಕಷ್ಟ. ಸ್ವಾಮಿ ಯಾವ ಗಳಿಗೆಯಲ್ಲಿ ಬಂದಾನೋ ತಿಳಿಯದು, ನಿದ್ದೆಗೆಟ್ಟು ಕಾಯಬೇಕು ಅನ್ನುವುದನ್ನು ಆಗಮನ ಕಾಲದ ನಾಲ್ಕೂ ಭಾನುವಾರ ಜನರ ತಲೆಗೆ ಇಳಿಸಬೇಕು. ಬೆಂಗಳೂರಿನವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ಯಾರೇ ಬಂದರೂ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿಯೇ ಬರುತ್ತಾರೆ ಎಂಬ ಧೈರ್ಯ ಅವರದು. ನಮ್ಮ ಮಗ್ಗೆಯಲ್ಲಿ ಫಾದರ್‌ಗೆ ಆ ಪಾಡಿಲ್ಲ. ಇಲ್ಲಿ ವರ್ಷವಿಡೀ ಆಗಮನ ಕಾಲವೇ. ಬರುವವನು ಮಾತ್ರ ಬೇರೆ.

ಆಲೂರು, ಸಕಲೇಶಪುರದ ಕಾಫಿ ಸೀಮೆಯಲ್ಲಿ ಯಾರೂ ಆನೆಯನ್ನು ಸುಮ್ಮನೆ 'ಆನೆ' ಅನ್ನುವುದಿಲ್ಲ. 'ಅವನು' ಅನ್ನುತ್ತಾರೆ. ಹೆಸರು ಹಿಡಿದು ಕರೆದರೆ ಬಂದುಬಿಟ್ಟಾನೆಂಬ ಅಂಜಿಕೆಯೋ, ದಿನಾ ಕಂಡು ಬೆಳೆದ ಸಲುಗೆಯೋ. ಒಂದು ಭಾನುವಾರ ಫಾದರ್ ಬರಲಿರುವವನ ವಿಷಯ ಎತ್ತಿಕೊಂಡು ಗಂಭೀರವಾಗಿ ಪ್ರಸಂಗ ಮಾಡುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರ ಪಿಸುಮಾತು ಶುರುವಾಯಿತು.

"ನಿನ್ನೆ ರಾತ್ರಿ ಬಂದಿದ್ನಂತೆ."

"ಒಬ್ನೇನಾ?"

"ಒಬ್ನೇ. ಬಾಳೆ ಪೂರಾ ತಿಂದು, ಬೇಲಿ ಕಿತ್ತು, ಕಾಫಿ ಕಣದ ಮೇಲೇ ಹಾದು ಹೋದ."

ಹಬ್ಬಕ್ಕೆಂದು ಮೈಸೂರಿನಿಂದ ಅಜ್ಜಿ ಮನೆಗೆ ಬಂದಿದ್ದ ಮಗುವೊಂದು ಪೀಠದ ಕಡೆ ನೋಡಿ, ಈ ಬೆಂಚಿನ ಕಡೆ ನೋಡಿ, ಯೇಸುಸ್ವಾಮಿ ಬಾಳೆಕಾಯಿ ಯಾಕೆ ತಿಂದರು ಎಂದು ತಾಯಿಯನ್ನು ಜೋರಾಗಿಯೇ ಕೇಳಿತು. ಪ್ರಸಂಗ ಅಲ್ಲಿಗೆ ಮುಗಿಯಿತು.

ಸಿದ್ಧತೆಯ ವಿಷಯ ಬಂದಾಗ ನಮ್ಮ ಮನೆಯಲ್ಲಿ ನನ್ನ ಅತ್ತೆಯೇ ಧರ್ಮಾಧ್ಯಕ್ಷರು. ಬಾಗಿಲ ಪಕ್ಕದ ಮೊಳೆಗೆ ಅವರದೊಂದು ಚೀಲ ತೂಗುತ್ತಿರುತ್ತದೆ. ಅದರಲ್ಲಿ ಮೂರು ಸೆಲ್ಲಿನ ಟಾರ್ಚು, ಜಪಸರ, ಬೆಂಕಿಪೊಟ್ಟಣ, ಅರ್ಧ ಉರಿದ ಮೇಣದಬತ್ತಿ, ಅಮೃತಾಂಜನ, ಆಧಾರ್ ಕಾರ್ಡು, ಆನೆ ಬೆದರಿಸಲು ಎರಡು ಪಟಾಕಿ, ಎಲ್ಲಕ್ಕಿಂತ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಹೊಸ ಬಿಳಿ ಸೀರೆ. ಸೀರೆ ಮಣ್ಣಿನ ದಿನಕ್ಕೆ. ಕರೆ ಬಂದಾಗ ಸೊಸೆ ಬೀರು ತಡಕಾಡಬಾರದು ಎಂಬುದು ಅವರ ವಾದ. ಸ್ವರ್ಗಕ್ಕೆ ಆಧಾರ್ ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. "ಅಲ್ಲಿ ಬೇಡದೆ ಇರಬಹುದು, ದಾರಿಯಲ್ಲಿ ಆಸ್ಪತ್ರೆ ಸಿಕ್ಕಿದರೆ?" ಅಂದರು. ಇಷ್ಟು ವ್ಯವಹಾರ ಬಲ್ಲವರೂ ಒಂದು ಕಡೆ ಸೋಲುತ್ತಾರೆ. ನೆಂಟರ ಮದುವೆಯ ಕಾಗದ ಬಂದ ಕೂಡಲೇ ಆ ಸೀರೆ ಚೀಲದಿಂದ ಹೊರಬರುತ್ತದೆ. ಹೊಸದು, ಜರಿ ಅಂಚಿನದು, ಸುಮ್ಮನೆ ಮಣ್ಣಿಗೇಕೆ? ಮದುವೆ ಮುಗಿಸಿ ಬಂದು ಸಕಲೇಶಪುರದ ಸಂತೆ ದಿನ ಇನ್ನೊಂದು ತರಿಸುತ್ತಾರೆ. ಹೀಗಾಗಿ ಅವರು ತಮ್ಮ ಮಣ್ಣಿನ ಸೀರೆಗಳನ್ನು ಉಟ್ಟುಕೊಂಡೇ ಊರಿನ ಅರ್ಧ ಮದುವೆಗಳಲ್ಲಿ ಹೋಳಿಗೆ ಉಂಡಿದ್ದಾರೆ. ಇದಕ್ಕಿಂತ ನಿರ್ಭಯವಾಗಿ ಸಾವನ್ನು ಎದುರಿಸಿದವರನ್ನು ನಾನು ಕಂಡಿಲ್ಲ.

ಹತ್ತು ಕನ್ಯೆಯರ ಸಾಮತಿಯ ಬಗ್ಗೆಯೂ ಅತ್ತೆಗೆ ಸ್ವಂತ ಅಭಿಪ್ರಾಯವಿದೆ. ಮದುಮಗ ತಡವಾಗಿ ಬಂದ, ಐವರ ದೀಪದಲ್ಲಿ ಎಣ್ಣೆ ಮುಗಿದಿತ್ತು, ಉಳಿದ ಐವರು ಸಾಲ ಕೊಡಲಿಲ್ಲ, ಬಾಗಿಲು ಮುಚ್ಚಿತು. ಜಾಣೆಯರೆಂದು ಹೊಗಳಿಸಿಕೊಂಡವರು ಶುದ್ಧ ಜಿಪುಣಿಯರು ಎನ್ನುವುದು ಅತ್ತೆಯ ಆಕ್ಷೇಪ. ಜುಲೈ ತಿಂಗಳ ಮಳೆಗೆ ಮರ ಬಿದ್ದು ಕರೆಂಟು ಹೋದರೆ ವಾರಗಟ್ಟಲೆ ಬಾರದ ಊರಿದು. ಪಕ್ಕದ ಮನೆಗೆ ಒಂದು ಚಿಮಣಿ ಸೀಮೆಎಣ್ಣೆ ಕೊಡದವರು ಇಲ್ಲಿ ಒಂದು ಮಳೆಗಾಲವೂ ಬಾಳಲಾರರು. "ಅರ್ಧ ಅರ್ಧ ಹಂಚಿದ್ದರೆ ಇಬ್ಬರ ದೀಪವೂ ಆರುತ್ತಿತ್ತಲ್ಲ ಅತ್ತೆ" ಎಂದರೆ, "ಹತ್ತು ಜನಕ್ಕೆ ಐದು ದೀಪ ಸಾಲದಾ? ಜೋಡಿ ಜೋಡಿಯಾಗಿ ನಡೀಬೇಕಪ್ಪ" ಅನ್ನುತ್ತಾರೆ. ಆನೆ ಇರುವ ದಾರಿಯಲ್ಲಿ ನಡೆದು ಗೊತ್ತಿರುವವರ ವ್ಯಾಖ್ಯಾನ ಇದು. ಯಾವ ಸೆಮಿನರಿಯಲ್ಲೂ ಸಿಗಲಾರದು.

ಇನ್ನು ಎದೆಗಾರಿಕೆ. ಇತ್ತೀಚೆಗೆ ಇದಕ್ಕೆ ತರಬೇತಿ ಶಿಬಿರಗಳಿವೆ. ನಮ್ಮ ನೆಂಟರ ಹುಡುಗನೊಬ್ಬ ಅಂಥದ್ದಕ್ಕೆ ಹೋಗಿ, ಡ್ರಮ್ಮು ಗಿಟಾರುಗಳ ನಡುವೆ ಮೂರು ದಿನ ಕೂಗಿ, ಗಂಟಲು ಕೂತು, ಧೈರ್ಯ ಏರಿ ವಾಪಸಾದ. ಬಸ್ಸಿಳಿದವನು ನೇರವಾಗಿ ಚಹಾದಂಗಡಿಗೆ ಹೋಗಿ ನಮ್ಮ ನೆರೆಮನೆಯ ಗೌಡರಿಗೆ ರಕ್ಷಣೆಯ ಮಾರ್ಗ ಹೇಳತೊಡಗಿದ. ಗೌಡರು ಕೆಂಚಮ್ಮನ ಒಕ್ಕಲು. ಕೆಂಚಮ್ಮನ ಹೊಸಕೋಟೆಯ ತಾಯಿಗೆ ಹರಕೆ ಒಪ್ಪಿಸದೆ ಒಂದು ವರ್ಷವೂ ಬಿಟ್ಟವರಲ್ಲ. ಅವರು ಹುಡುಗನ ಮುಂದೆ ವಡೆ ಇಡಿಸಿ "ತಿಂದ್ಕೊಂಡು ಹೇಳು ಮಗ, ಗಂಟ್ಲು ಒಣಗಿದೆ" ಅಂದರು. ಹುಡುಗ ವಡೆ ತಿಂದ, ಹೇಳಿದ, ಮತ್ತೊಂದು ವಡೆ ತಿಂದ. ಹೊತ್ತು ಮುಳುಗಿತು. ಅರಣ್ಯ ಇಲಾಖೆಯ ಮೆಸೇಜು ಎಲ್ಲರ ಮೊಬೈಲಿಗೂ ಬಂದು ಬಿತ್ತು: ಒಂಟಿ ಸಲಗ ಇದೇ ದಾರಿಯಲ್ಲಿದೆ. ಈಗ ಹುಡುಗನ ದನಿ ಬದಲಾಯಿತು. ಜೀಪಿನಲ್ಲಿ ಮನೆಯವರೆಗೆ ಬಿಡುತ್ತೀರಾ ಎಂದು ಗೌಡರನ್ನೇ ಕೇಳಿದ. ಗಾಜಿನ ಹಿಂದೆ ಕೆಂಚಮ್ಮನ ಪಟ, ಅದಕ್ಕೆ ಅವತ್ತಿನ ಹೂವು. ಮುಂದಿನ ಸೀಟಿನಲ್ಲಿ ಕೂರಲು ಹುಡುಗ ಅನುಮಾನಿಸಿದ್ದನ್ನು ಕಂಡು ಗೌಡರು, "ಹತ್ತು ಹತ್ತು, ನಿಮ್ಮ ಸ್ವಾಮಿ ಹಿಂದೆ ಕೂರ್ಲಿ, ಜಾಗ ಐತೆ" ಅಂದರಂತೆ. ಆ ಹುಡುಗ ಈಗಲೂ ಧೈರ್ಯವಾಗಿ ಸಾಕ್ಷಿ ಹೇಳುತ್ತಾನೆ. ಸಂಜೆ ಐದೂವರೆಯೊಳಗೆ ಮುಗಿಸುತ್ತಾನೆ.

ನಮ್ಮ ಉಪದೇಶಿಗಳದು ಬೇರೆ ಜಾತಿಯ ಧೈರ್ಯ. ಸಿಂಹದ ಗವಿಯ ದಾನಿಯೇಲನ ಕತೆಯನ್ನು ಎರಡು ತಲೆಮಾರಿಗೆ ಕಲಿಸಿದವರು. ಒಂದು ಸಂಜೆ ಮನೆಯೊಂದರಲ್ಲಿ ಜಪಸರ ಮುಗಿಸಿ ನಾಲ್ಕಾರು ಜನರೊಡನೆ ಬರುತ್ತಿದ್ದಾಗ ತಿರುವಿನಲ್ಲಿ ಅವನು ನಿಂತಿದ್ದ. ಎರಡೂ ದಂತ, ಬೆನ್ನ ಮೇಲೆ ಕೆಮ್ಮಣ್ಣು, ಸೊಂಡಿಲಲ್ಲಿ ಬೈನೆ ಗರಿ. ಯಾರೂ ಓಡಲಿಲ್ಲ. ಉಪದೇಶಿಗಳು ಕಣ್ಣು ಮುಚ್ಚಿ, ಅಭ್ಯಾಸಬಲದಿಂದ, ಸಕಲ ಸಂತರ ಪ್ರಾರ್ಥನಾಮಾಲೆಯನ್ನು ಏರುದನಿಯಲ್ಲಿ ಎತ್ತಿಕೊಂಡರು. ಹಿಂದಿದ್ದವರೂ ಅಭ್ಯಾಸಬಲದಿಂದಲೇ ಒಂದೊಂದು ಹೆಸರಿಗೂ ಮಾಮೂಲಿ ಉತ್ತರ ಕೊಡತೊಡಗಿದರು. ದೇವದೂತರು ಮುಗಿದರು, ಪ್ರೇಷಿತರು ಮುಗಿದರು, ರಕ್ತಸಾಕ್ಷಿಗಳು ಶುರುವಾದರು. ರಕ್ತಸಾಕ್ಷಿಗಳ ಹೊತ್ತಿಗೆ ಉತ್ತರದ ದನಿ ತುಸು ಇಳಿಯಿತಂತೆ. ಆ ಪಟ್ಟಿಗೆ ಹೊಸ ಹೆಸರು ಸೇರಿಸಲು ಯಾರಿಗೂ ಮನಸ್ಸಿರಲಿಲ್ಲ. ಕನ್ಯೆಯರ ಸರದಿ ಬರುವಷ್ಟರಲ್ಲಿ ಅವನು ಗರಿ ಎಸೆದು ತೋಟಕ್ಕೆ ಇಳಿದುಹೋದ.

ಪವಾಡವೆಂದು ಊರೆಲ್ಲ ಸುದ್ದಿಯಾಯಿತು. ಮರುದಿನ ಆನೆ ಕಾವಲಿನ ಇಲಾಖೆಯವನು ಬಂದು, ಗಾಳಿ ಆನೆಯ ಕಡೆಯಿಂದ ಬೀಸುತ್ತಿದ್ದುದರಿಂದ ನಿಮ್ಮ ವಾಸನೆ ಅದಕ್ಕೆ ಸಿಕ್ಕಿಲ್ಲ ಅಂದ. ಅಲ್ಲ, ಅಷ್ಟು ಉದ್ದದ ಪ್ರಾರ್ಥನೆಗೆ ಆನೆಗೂ ಬೇಸರ ಬಂದಿರಬೇಕು ಎಂದು ಗೌಡರು ಅಂದರು. ಉಪದೇಶಿಗಳನ್ನು ಕೇಳಿದರೆ, "ಓಡೋಣ ಅಂತಲೇ ಇತ್ತು, ಕಾಲು ಬರಲಿಲ್ಲ. ಬಾಯಿ ಬಂತು" ಅಂದರು. ದಾನಿಯೇಲನಿಗೂ ಹಾಗೇ ಆಗಿತ್ತೋ ಏನೋ, ಬರೆದವರು ಬಿಟ್ಟಿರಬಹುದು.

ಅವನ ಮೇಲೆ ನಮಗೆ ದ್ವೇಷವಿದೆ ಎಂದು ತಿಳಿಯಬೇಡಿ. ಎಂಟು ಸಲ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಮದವೇರಿದ ಸಲಗದ ಎದುರು. ಆ ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ನಮ್ಮ ಚಿಕ್ಕವಳು ಅರ್ಜುನನ ಆತ್ಮಕ್ಕೂ ಶಾಂತಿ ಕೇಳಿದಳು. ಪ್ರಾಣಿಗೆ ಅಂಥ ಆತ್ಮ ಇಲ್ಲ ಎಂದು ನಾನು ದೈವಶಾಸ್ತ್ರ ತೆಗೆದೆ. ಅತ್ತೆ ಜಪಸರದಿಂದ ಕಣ್ಣೆತ್ತದೆ, "ನಿನಗೆ ಇದೆ ಅಂತ ನಾವು ನಂಬಿಲ್ವಾ?" ಅಂದರು. ಅರ್ಜುನನ ಹೆಸರಿನಲ್ಲೂ ಒಂದು ಜಪ ಆಯಿತು.

ನಮ್ಮ ಹಾಸನ ಜಿಲ್ಲೆಗೆ ಸಿದ್ಧತೆಯ ಪಾಠ ಹಳೆಯದು. ಆಬೆ ದುಬೊಯ್ ಎಂಬ ಫ್ರೆಂಚ್ ಪಾದ್ರಿ 1792ರಲ್ಲಿ ಭಾರತಕ್ಕೆ ಬಂದು, ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆ ಸೇರಿದ. ಪಂಚೆ, ಪೇಟ, ಸಸ್ಯಾಹಾರ; ಜನ ಅವನನ್ನು 'ದೊಡ್ಡ ಸ್ವಾಮಿಗಳು' ಅಂದರು. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಬೇಸಾಯದ ಕ್ರೈಸ್ತರ ಊರನ್ನು ನೆಲೆಗೊಳಿಸಿದ. ಜೆನ್ನರ್ ಸಿಡುಬಿನ ಲಸಿಕೆಯ ವಿಷಯ ಪ್ರಕಟಿಸಿದ್ದು 1798ರಲ್ಲಿ. ಆರೇಳು ವರ್ಷ ಕಳೆಯುವುದರೊಳಗೆ ದುಬೊಯ್ 25 ಸಾವಿರಕ್ಕೂ ಹೆಚ್ಚು ಮಂದಿಗೆ ಆ ಲಸಿಕೆ ಹಾಕಿಸಿದ್ದ. ಸಿಡುಬು ಅಮ್ಮನ ಮುನಿಸು ಎಂದು ಬೇವು ಕಟ್ಟುತ್ತಿದ್ದ ಕಾಲದಲ್ಲಿ, ಹಸುವಿನ ಹುಣ್ಣಿನ ಕೀವನ್ನು ತೋಳಿಗೆ ಚುಚ್ಚಿಸಿಕೊಳ್ಳಿ, ಕಾಯಿಲೆ ಬರುವ ಮೊದಲೇ ಸಿದ್ಧವಾಗಿರಿ ಎಂದು ಪರದೇಶಿಯೊಬ್ಬ ಹೇಳಬೇಕಾದರೆ ಗುಂಡಿಗೆ ಬೇಕು. ಕೇಳಿ ತೋಳು ಚಾಚಿದವರಿಗೆ ಇನ್ನೂ ದೊಡ್ಡ ಗುಂಡಿಗೆ ಬೇಕು.

ತಮಾಷೆ ಇರುವುದು ಮುಂದೆ. ಮೂವತ್ತು ವರ್ಷ ಭಾರತದಲ್ಲಿ ದುಡಿದು 1823ರಲ್ಲಿ ಅವನು ವಾಪಸು ಹೋದ. ಅದೇ ವರ್ಷ ಲಂಡನ್ನಿನಲ್ಲಿ ಅವನ ಪತ್ರಗಳ ಪುಸ್ತಕ ಅಚ್ಚಾಯಿತು. ಭಾರತದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆಯಿಲ್ಲ, ಈ ಕೆಲಸ ಆಗುವಂಥದ್ದಲ್ಲ ಎಂಬುದೇ ಅದರ ಸಾರ. ಪುಣ್ಯಕ್ಕೆ ಸಾತಳ್ಳಿಯವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ದೊಡ್ಡ ಸ್ವಾಮಿಗಳು ಕೈಬಿಟ್ಟರೆಂಬ ಸುದ್ದಿ ತಿಳಿಯದೆ ಅವರು ಉಳುತ್ತ, ಬಿತ್ತುತ್ತ, ಜಪ ಹೇಳುತ್ತ ಇದ್ದುಬಿಟ್ಟರು. ಫ್ರೆಂಚ್ ಮಿಷನರಿಗಳು ಆಮೇಲೆ ಶೆಟ್ಟಿಹಳ್ಳಿಯಲ್ಲಿ ಚರ್ಚು ಕಟ್ಟಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಾಗ ಅದು ಹಿನ್ನೀರಿಗೆ ಸಿಕ್ಕಿತು. ಸಕಲೇಶಪುರದ ಮುಂದೆ ಹರಿದುಹೋದ ನೀರೇ ಅಲ್ಲಿ ನಿಲ್ಲುವುದು. ಒಳ್ಳೆಯ ಮಳೆಯಾದ ವರ್ಷಗಳಲ್ಲೆಲ್ಲ ಮತ್ತೆ ಮತ್ತೆ ದೀಕ್ಷಾಸ್ನಾನ ಪಡೆಯುವ ಚರ್ಚು ಬೇರೆಲ್ಲೂ ಇರಲಾರದು. ಈಗ ಅಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸುವವರ ಸಂದಣಿ.

ಇಷ್ಟೆಲ್ಲ ಹೇಳಿದೆನಲ್ಲ, ವಿಶ್ವಾಸದ ಎದೆಗಾರಿಕೆಯನ್ನು ನಾನು ಕಣ್ಣಾರೆ ಕಂಡದ್ದು ಚರ್ಚಿನಲ್ಲೂ ಅಲ್ಲ, ಆನೆಯ ಎದುರೂ ಅಲ್ಲ. ತೂಕದ ಕೊಕ್ಕೆಯ ಕೆಳಗೆ.

ಕ್ರಿಸ್ಮಸ್ ಬೀಳುವುದು ಅರೇಬಿಕಾ ಹಣ್ಣು ಕೊಯ್ಲಿನ ನಡುವೆ. ಕೊಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ನಾಲ್ಕಕ್ಕೆ ಪಕ್ಕದ ತೋಟದ ಕಣದಲ್ಲಿ ಚೀಲಗಳು ಸಾಲು ಹಿಡಿಯುತ್ತವೆ. ರೈಟರು ಕೊಕ್ಕೆಗೆ ಸಿಕ್ಕಿಸಿ ಮುಳ್ಳು ನೋಡಿ ಪುಸ್ತಕಕ್ಕೆ ಬರೆಯುತ್ತಾನೆ. ಒಂದು ದಿನ ಅಕಾಲದ ಮಳೆ ಹೊಡೆದು ಚೀಲಗಳೆಲ್ಲ ನೆನೆದು ತೊಪ್ಪೆಯಾಗಿದ್ದವು. ರೈಟರು ಒಣ ಚೀಲದ ಲೆಕ್ಕವನ್ನಷ್ಟೇ ಕಳೆಯುತ್ತಿದ್ದ. ಅಷ್ಟರಮಟ್ಟಿಗೆ ಎಲ್ಲರಿಗೂ ಲಾಭ, ಎಲ್ಲರೂ ಮೌನ. ನಮ್ಮ ಚರ್ಚಿಗೇ ಬರುವ ಒಬ್ಬಾಕೆ, ವಯಸ್ಸು ಅರವತ್ತು ದಾಟಿದೆ, ಕೊಯ್ದು ಕೊಯ್ದು ಬೆರಳ ತುದಿ ಕಪ್ಪಾಗಿ ಸೀಳಿದೆ, ತನ್ನ ಸರದಿ ಬಂದಾಗ ಹಣ್ಣನ್ನೆಲ್ಲ ಟಾರ್ಪಾಲಿನ ಮೇಲೆ ಸುರಿದು ಬರಿಯ ಚೀಲವನ್ನು ಕೊಕ್ಕೆಗೆ ಹಾಕಿದಳು. ಮುಳ್ಳು ಎರಡು ಕಿಲೋ ತೋರಿಸಿತು. "ಇದನ್ನ ಕಳೀರಿ" ಅಂದಳು.

ಹಿಂದಿದ್ದವರಿಗೆ ರೇಗಿತು. ಇವಳದು ಕಳೆದರೆ ನಮ್ಮದೂ ಕಳೆಯುತ್ತಾರಲ್ಲ! ಒಬ್ಬಳಂತೂ, ನಿನ್ನ ಹುಚ್ಚು ಭಕ್ತಿ ಮನೇಲಿ ಇಟ್ಕೊ, ತೋಟಕ್ಕೆ ತರಬೇಡ ಅಂದಳು. ಈಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ್ದಿಷ್ಟು: "ಕತ್ತಲಾಗ್ತಾ ಐತೆ. ಲೈನ್ ಮನೆಗೆ ಹೋಗೋ ದಾರೀಲಿ ಅವನು ಸಿಕ್ಕಿ ತುಳಿದ ಅಂತ ಇಟ್ಕೊಳ್ರಿ. ಮೇಲೆ ಹೋಗಿ ಈ ನೀರಿನ ಲೆಕ್ಕ ಯಾರು ಒಪ್ಸೋದು? ನನಗೆ ಲೆಕ್ಕ ಬರಲ್ಲ."

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ರೇಗಿದ್ದವಳೇ ಮೊದಲು ನಕ್ಕಳು. ನಕ್ಕರೂ ತನ್ನ ಚೀಲ ಸುರಿಯಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಇನ್ನಿಬ್ಬರು ಸುರಿದರು. ರೈಟರು ಪೆನ್ನು ಕಚ್ಚಿಕೊಂಡು ತೋಟದ ಸಾಹುಕಾರರ ಮುಖ ನೋಡಿದ, ಸಾಹುಕಾರರು ಆಕಾಶ ನೋಡಿದರು. ಆಕೆ ಚೀಟಿ ತೆಗೆದುಕೊಂಡು ಟಾರ್ಚು ಹೊತ್ತಿಸಿ ಲೈನಿನ ದಾರಿ ಹಿಡಿದಳು. ದಾರಿಯಲ್ಲಿ ಅವನು ಸಿಗಲಿಲ್ಲ. ಸಿಕ್ಕಿದ್ದರೂ ಅವಳ ಲೆಕ್ಕ ಚುಕ್ತಾ ಆಗಿತ್ತು. ನನ್ನ ಮಟ್ಟಿಗೆ ಡ್ರಮ್ಮು ಗಿಟಾರಿನ ಮೂರು ದಿನಕ್ಕಿಂತ ಆ ಬರಿ ಚೀಲದ ತೂಕ ಹೆಚ್ಚು.

ನೀವು ಕ್ರಿಸ್ಮಸ್ಸಿಗೆ ನಮ್ಮ ಕಡೆ ಬರುವುದಾದರೆ ಖಂಡಿತ ಬನ್ನಿ. ನಡುರಾತ್ರಿಯ ಪೂಜೆಯೆಂದು ಹತ್ತು ಗಂಟೆಗೆ ಹೊರಡಬೇಡಿ. ಆನೆಯ ದೆಸೆಯಿಂದ ನಮ್ಮಲ್ಲಿ ಯೇಸುಸ್ವಾಮಿ ರಾತ್ರಿ ಊಟಕ್ಕೆ ಮುಂಚೆಯೇ ಹುಟ್ಟಿಬಿಡುತ್ತಾನೆ. ಬೆಳಕಿರುವಾಗಲೇ ಬಂದು ಸೇರಿ, ಗೋದಲಿ ನೋಡಿ, ಗೌಡರ ಮನೆಯ ಕಾಫಿ ಕುಡಿದು, ರಾತ್ರಿ ಉಳಿದು ಬೆಳಿಗ್ಗೆ ಹೋಗಿ. ಬರುವಾಗ ಅತ್ತೆಯ ಟಾರ್ಚಿಗೆ ಮೂರು ಸೆಲ್ಲು ತನ್ನಿ. ದೊಡ್ಡ ಸೆಲ್ಲು. ಪೆನ್ಸಿಲ್ ಸೆಲ್ಲು ಹಾಕಿದರೆ ಬರುವುದಿಲ್ಲ.