ವಿಪ್ರಲಂಭ ವಸೂಲಿ: ಪರರಾಜ್ಯದ ಬಾಕಿಯ ರಸಮೀಮಾಂಸೆ

ಊರೊಳಗಿನ ಸಾಲಗಾರ ಸಂತೆಯಲ್ಲಿ ಸಿಗುತ್ತಾನೆ, ಮದುವೆ ಪಂಕ್ತಿಯಲ್ಲಿ ಎದುರಿಗೇ ಕೂರುತ್ತಾನೆ. ಅಲ್ಲಿ ಹುಟ್ಟುವುದು ರೌದ್ರರಸ. ಅವನೇ ವಿಂಧ್ಯದ ಆಚೆಗಿದ್ದರೆ ಹುಟ್ಟುವುದು ವಿಪ್ರಲಂಭ ಶೃಂಗಾರ, ಅರ್ಥಾತ್ ವಿರಹ. ಈ ಪ್ರಭೇದವನ್ನು ಆಲಂಕಾರಿಕರು ಕೈಬಿಟ್ಟಿದ್ದಾರೆ. ಬಹುಶಃ ಯಾರೂ ಉದ್ರಿ ವ್ಯಾಪಾರ ಮಾಡಿರಲಿಕ್ಕಿಲ್ಲ.

ಧರ್ಮಶಾಸ್ತ್ರದವರು ಹಾಗಲ್ಲ, ಪೆಟ್ಟು ತಿಂದವರು. ಮನು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದೇ ಋಣಾದಾನ. ಯಾಜ್ಞವಲ್ಕ್ಯ ಸ್ಮೃತಿಯಂತೂ ಕಾಡು ದಾಟುವ ಸಾಲಗಾರನಿಗೆ ತಿಂಗಳಿಗೆ ನೂರಕ್ಕೆ 10, ಕಡಲು ದಾಟುವವನಿಗೆ 20 ಬಡ್ಡಿ ಹಾಕುತ್ತದೆ. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನೇ, ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ದೂರ ಹೋದ ದುಡ್ಡಿಗೆ ಕಾಲು ಕುಂಟು ಎಂಬುದು ಅಂದಿಗೇ ಗೊತ್ತಿದ್ದ ಸಂಗತಿ.

ಪ್ರಸ್ತುತ ಸಂಶೋಧನೆಯ ಏಕೈಕ ಆಕರ ಶಿರಸಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ನಮ್ಮ ಭಾವ. (ಭಾವನೆಂದರೆ ಅಕ್ಕನ ಗಂಡ; ಸ್ಥಾಯಿಭಾವ ಎಂದರೆ ಬಾಕಿ.) ಕಾನಪುರದ ವ್ಯಾಪಾರಿಯೊಬ್ಬರಿಗೆ ನೂರು ಚೀಲ ರಾಶಿ ಅಡಿಕೆ ಕಳಿಸಿದರು. ಬಹುಪಾಲು ಹಣ ಬಂತು, ಆರು ಲಕ್ಷ ಅಲ್ಲೇ ಉಳಿಯಿತು. ಅಂದಿನಿಂದ ಭಾವ ಪ್ರೋಷಿತಭರ್ತೃಕೆ: ಪ್ರಿಯ ಪರದೇಶದಲ್ಲಿ, ತಾನು ಹೊಸ್ತಿಲಲ್ಲಿ. ಚೆಕ್ಕು ಬಂದು, ಖಾತೆಯಲ್ಲಿ ಹಣವಿಲ್ಲವೆಂಬ ಚೀಟಿಯೊಡನೆ ಬ್ಯಾಂಕಿನಿಂದ ಮರಳಿದ ದಿನ ವಿಪ್ರಲಬ್ಧೆ. ಅದೇ ವ್ಯಾಪಾರಿ ಹೊಸ ಕಾರಿಗೆ ನಿಂಬೆಹಣ್ಣು ಕಟ್ಟುತ್ತಿರುವ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಂಡ ದಿನ ಖಂಡಿತೆ.

ಪ್ರೇಮಿಗಳ ಸಂಕೇತಸ್ಥಳ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬೌನ್ಸಾದ ಚೆಕ್ಕಿನ ದೂರಿಗೆ 1999ರಲ್ಲಿ ಸುಪ್ರೀಂ ಕೋರ್ಟು ಐದು ಬಗೆಯ ಜಾಗ ತೋರಿಸಿ, ಎಲ್ಲಿ ಬೇಕಾದರೂ ಹೂಡಿ ಎಂದಿತು. 2014ರಲ್ಲಿ ಅದೇ ಕೋರ್ಟು, ಉಹೂಂ, ಚೆಕ್ಕು ಕೊಟ್ಟವನ ಬ್ಯಾಂಕಿರುವ ಊರಿಗೇ ಹೋಗಿ ಎಂದಿತು. 2015ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, ಚೆಕ್ಕನ್ನು ಖಾತೆಗೆ ಹಾಕಿದವನ ಶಾಖೆಯ ಊರಿಗೆ ಮರಳಿಸಿತು. ಭಾವನಿಗೆ ಇದಾವುದೂ ದಕ್ಕಲಿಲ್ಲ. ಹೋಳಿ ಮುಗಿಯಲಿ, ನವರಾತ್ರಿ ಮುಗಿಯಲಿ ಎಂಬ ಮಾತು ಕೇಳುತ್ತ ಕೂತವರಿಗೆ ನೋಟಿಸಿನ 30 ದಿನವೂ ಚೆಕ್ಕಿನ ಮೂರು ತಿಂಗಳ ಆಯುಸ್ಸೂ ಒಟ್ಟಿಗೇ ತೀರಿದವು. ಉಳಿದದ್ದು ಸಿವಿಲ್ ದಾವೆ. ಎದುರಾಳಿ ಬರಲೇ ಇಲ್ಲ, ಶಿರಸಿಯಲ್ಲಿ ಡಿಕ್ರಿಯಾಯಿತು. ನಿಜವಾದ ತಾಪತ್ರಯ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಕಂಡುಕೊಂಡಿತ್ತು. ಭಾವ ಕಂಡುಕೊಂಡದ್ದು ಕೊಂಚ ತಡವಾಗಿ.

ಅಮಲ್ಜಾರಿಗೆ ಡಿಕ್ರಿ ಕಾನಪುರಕ್ಕೆ ವರ್ಗವಾಯಿತು. ಇಲ್ಲಿ ದೂತಿಯ ಪ್ರವೇಶ. ದೂತಿಗೆ ಮಾತು ಬೇಕು, ಸಮಯಜ್ಞಾನ ಬೇಕು, ದಾರಿಖರ್ಚು ಬೇಕು. ಅಲ್ಲಿನ ವಕೀಲರಲ್ಲಿ ಮೊದಲೆರಡಿದ್ದವು, ಮೂರನೆಯದನ್ನು ಭಾವ ಕಳಿಸಿದರು. ಕನ್ನಡದ ತೀರ್ಪನ್ನು ಹಿಂದಿಗೆ ಇಳಿಸಿದವನು ‘ನೂರು ಚೀಲ ರಾಶಿ’ಯನ್ನು ಹಾಗೇ ಬಿಟ್ಟ. ಹಿಂದಿಯಲ್ಲಿ ರಾಶಿಯೆಂದರೆ ಮೊತ್ತ. ಭಾವ ನೂರು ಚೀಲ ನೋಟು ಸಾಗಿಸಿದಂತಾಗಿ, ಎದುರು ವಕೀಲರು ಆ ದುಡ್ಡಿನ ಮೂಲ ಕೇಳಿದರು. ಎರಡು ವಾಯಿದೆ ಅದಕ್ಕೇ ಹೋಯಿತು.

ತಿಂಗಳಿಗೊಮ್ಮೆ ವಕೀಲರ ಗುಮಾಸ್ತನ ಫೋನು: ‘ತಾರೀಖ್ ಮಿಲ್ ಗಯೀ!’ ಅಕ್ಕ ಏನೋ ಸಿಕ್ಕಿತೆಂದು ಮೊದಲ ಸಲ ಪಾಯಸಕ್ಕೆ ಹಾಲಿಟ್ಟಿದ್ದಳು. ಜಪ್ತಿಗೆ ಹೋದ ಅಮೀನನಿಗೆ ಕಂಡದ್ದು ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಮೂರನ್ನೂ ಮುಟ್ಟುವಂತಿಲ್ಲ. ಕಾರು ಹೆಂಡತಿಯ ಹೆಸರಲ್ಲಿತ್ತು. ಅಮಲ್ಜಾರಿ ಕೇಳಲು ಕಾನೂನು ಕೊಡುವುದು 12 ವರ್ಷ. ಪಾಂಡವರ ವನವಾಸದಷ್ಟೇ, ಅಜ್ಞಾತವಾಸ ಮಾತ್ರ ಸಾಲಗಾರನದು.

ದೂತಿಯೇ ನಾಯಕನೊಡನೆ ಸಲಿಗೆ ಬೆಳೆಸುವುದೂ ಕಾವ್ಯದಲ್ಲುಂಟು. ಹೋದ ಚಳಿಗಾಲದಲ್ಲಿ ವಕೀಲರ ಮಗಳ ಮದುವೆಯ ಕರೆಯೋಲೆ ಬಂತು. ಭಾವ ಎರಡು ರೈಲು ಬದಲಿಸಿ ಹೋದರು. ಚಪ್ಪರದ ಮುಂದಿನ ಸಾಲಿನಲ್ಲಿ ದಪ್ಪ ಕೋಟಿನವರೊಬ್ಬರು ಸರಿದು ಜಾಗ ಕೊಟ್ಟು, ಬೆಳ್ಳಿ ಡಬ್ಬಿ ತೆರೆದು ಮುಂದೆ ಹಿಡಿದರು. ಮಫ್ಲರು ಸುತ್ತಿದ ಮುಖದ ಗುರುತು ಭಾವನಿಗೆ ಹತ್ತಲಿಲ್ಲ. ಡಬ್ಬಿಯೊಳಗಿನ ಹೋಳೊಂದನ್ನು ಬಾಯಿಗೆ ಹಾಕಿ ಕಚ್ಚಿದ ಕೂಡಲೇ ಹತ್ತಿತು. ಅದು ನಮ್ಮ ರಾಶಿ.